675 ಪಟ್ಟಿನ ತಾತ

ಮೊಮ್ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಮೈಕ್ರೋಸ್ಕೋಪ್ ಕೊಡಿಸುವ ತಾತನನ್ನು ಗುರುತು ಹಿಡಿಯುವುದು ಸುಲಭ. ಕೇಕು ಮುಗಿದು ತಿಂಗಳಾದರೂ ಮೊಮ್ಮಗಳು ಅದನ್ನು ಮುಟ್ಟಿರುವುದಿಲ್ಲ. ಮುಟ್ಟಲು ಹೋದಾಗಲೆಲ್ಲ ತಾತ, "ತಡಿ ಪುಟ್ಟಿ, ಮೊದಲು ನಾನು ಅಡ್ಜಸ್ಟ್ ಮಾಡಿಕೊಡ್ತೀನಿ" ಎಂದಿರುತ್ತಾರೆ. ಆ ಅಡ್ಜಸ್ಟ್‌ಮೆಂಟು ಇನ್ನೂ ನಡೆಯುತ್ತಲೇ ಇರುತ್ತದೆ.

ಬೆಂಗಳೂರಿನ ಜಯನಗರದಲ್ಲಿ, ಮೈಸೂರಿನ ಕುವೆಂಪುನಗರದಲ್ಲಿ ಅಪಾರ್ಟ್‌ಮೆಂಟಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ನಮ್ಮ ತಾತ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಬಡ್ಡಿ, ಬಿಪಿ, ಶುಗರು, ಕಾರಿನ ಮೈಲೇಜು, ಮಗನ ಸಂಬಳ, ಎಲ್ಲವನ್ನೂ ಅಂಕಿಯಲ್ಲೇ ಕಂಡವರು. ಅಂಗಡಿಯಲ್ಲಿ ಅವರ ಮೊದಲ ಪ್ರಶ್ನೆ, "ಎಷ್ಟು ಪಟ್ಟು ದೊಡ್ಡದು ಮಾಡುತ್ತಪ್ಪಾ?" ಅಂಗಡಿಯವನು "675 ಸಾರ್" ಅಂದ. ಎರಡನೇ ಪ್ರಶ್ನೆಯೇ ಬರಲಿಲ್ಲ.

ಅದು ಹರಿಯಾಣದ ಅಂಬಾಲಾ ಕಡೆಯ ಸರಕು. ಲ್ಯಾಬು ಸಾಮಾನಿಗೆ ಆ ಊರು ಹೆಸರುವಾಸಿ. ನಮ್ಮ ಶಾಲೆ ಕಾಲೇಜುಗಳ ಬೀರುಗಳಲ್ಲಿ ಧೂಳು ಕುಡಿಯುತ್ತಿರುವ ಮೈಕ್ರೋಸ್ಕೋಪುಗಳಲ್ಲಿ ಎಷ್ಟೋ ಅಲ್ಲಿಂದ ಬಂದವೇ. ಕೆಳಗೊಂದು ಭಾರದ ಪೀಠ, ಅದರ ಮೇಲೆ ಕನ್ನಡಿ, ನಡುವೆ ಸ್ಲೈಡು ಇಡುವ ಸ್ಟೇಜು, ಮೇಲೆ ಕೊಳವೆ. ಕಣ್ಣಿಡುವ ಕಡೆಯ ಐಪೀಸು 15 ಪಟ್ಟು, ಸ್ಲೈಡಿನ ಕಡೆಯ ಆಬ್ಜೆಕ್ಟಿವ್ 45 ಪಟ್ಟು. ಒಂದಕ್ಕೊಂದು ಗುಣಿಸಿದರೆ 675. ಜೊತೆಗೆ 10 ಪಟ್ಟಿನ ಐಪೀಸು, 10 ಪಟ್ಟಿನ ಆಬ್ಜೆಕ್ಟಿವ್ ಕೂಡ ಇದ್ದವು. ಅವೆರಡನ್ನೂ ಜೋಡಿಸಿದರೆ ಬರುವ 100 ತಾತನಿಗೆ ಉಳಿತಾಯ ಖಾತೆಯ ಬಡ್ಡಿಯಂತೆ ಕಂಡಿತು.

ತಾತನಿಗೆ ಈ ವಿದ್ಯೆ ಹೊಸದಲ್ಲ ಎಂಬುದೇ ತೊಂದರೆಯ ಮೂಲ. ಪಿಯುಸಿಯಲ್ಲಿ ಸೈನ್ಸ್ ಓದಿದವರು. ಅಲ್ಲಿ ನಲವತ್ತು ಹುಡುಗರಿಗೆ ಒಂದು ಮೈಕ್ರೋಸ್ಕೋಪು. ಅಟೆಂಡರ್ ಫೋಕಸ್ ಮಾಡಿ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದ. ಒಬ್ಬೊಬ್ಬರೂ ಒಂದು ಕಣ್ಣು ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ಐಪೀಸಿಗೆ ಒತ್ತಿ, ತಮ್ಮದೇ ರೆಪ್ಪೆಗೂದಲನ್ನು ಮೂರು ಸೆಕೆಂಡು ನೋಡಿ, ರೆಕಾರ್ಡ್ ಪುಸ್ತಕದಲ್ಲಿ ಪಠ್ಯಪುಸ್ತಕದ ಅಮೀಬಾವನ್ನು ಅಂದವಾಗಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದರು. ಕರ್ನಾಟಕದ ಒಂದು ಇಡೀ ತಲೆಮಾರು ಅಮೀಬಾವನ್ನು ಹೀಗೇ ಕಂಡಿದೆ. ಅದರ ಮೇಲೆ ತಾತನಿಗೆ ಅರವತ್ತೆಂಟು ಪರ್ಸೆಂಟು ಬಂದಿತ್ತು.

ಡಬ್ಬದಿಂದ ತೆಗೆಯುವಾಗಲೇ ಶಾಸ್ತ್ರ ತಪ್ಪಿತು. ಮೈಕ್ರೋಸ್ಕೋಪನ್ನು ಒಂದು ಕೈಯಲ್ಲಿ ಅದರ ತೋಳು ಹಿಡಿದು, ಇನ್ನೊಂದು ಕೈಯನ್ನು ಪೀಠದ ಅಡಿಗೆ ಕೊಟ್ಟು ನೆಟ್ಟಗೆ ಎತ್ತಬೇಕು. ತಾತ ಕೊಳವೆಯನ್ನು ಹಿಡಿದು ಓರೆಯಾಗಿ ಎಳೆದರು. ಇಂಥ ಮಾದರಿಗಳಲ್ಲಿ ಐಪೀಸಿಗೆ ತಿರುಪು ಇರುವುದಿಲ್ಲ, ಕೊಳವೆಯೊಳಗೆ ಸುಮ್ಮನೆ ಕೂತಿರುತ್ತದೆ. ಅದು ಜಾರಿ ಸೋಫಾದ ಮೇಲೆ ಬಿತ್ತು. ನೆಲದ ಮೇಲೆ ಬೀಳದ್ದಕ್ಕೆ ಅಜ್ಜಿ ದೇವರಿಗೆ ಕೈ ಮುಗಿದರು. ತಾತ "ಇದು ಡಿಟ್ಯಾಚಬಲ್ಲು" ಅಂದರು.

ಮುಂದಿನ ಪ್ರಶ್ನೆ ಜಾಗದ್ದು. ಅಲುಗಾಡದ ಮೇಜು ಬೇಕು, ಬೆಳಕು ಬೇಕು. ತಾತ ಊಟದ ಮೇಜನ್ನೇ ಪೂರ್ವದ ಕಿಟಕಿಗೆ ಎಳೆದು, ಬೆಳಗಿನ ಎಳೆಬಿಸಿಲು ನೇರ ಕನ್ನಡಿಗೆ ಬೀಳುವಂತೆ ತಿರುಗಿಸಿ, ಬಗ್ಗಲು ಹೊರಟರು. ಇಲ್ಲಿ ಮಾತ್ರ ನಗುವ ವಿಷಯವಿಲ್ಲ. ಆ ಕನ್ನಡಿ ಬೆಳಕನ್ನು ಕೊಳವೆಯೊಳಕ್ಕೆ ತಿರುಗಿಸುವುದಕ್ಕೇ ಇರುವುದು. ಸೂರ್ಯನನ್ನು ಹಿಡಿದರೆ ಸೂರ್ಯನನ್ನೇ ಕಣ್ಣಿಗೆ ಕಳಿಸುತ್ತದೆ. ಕಣ್ಣಿನ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ, ಸುಟ್ಟದ್ದು ಆಮೇಲೆ ಗೊತ್ತಾಗುತ್ತದೆ. ಬಿಸಿಲಿಲ್ಲದ ಕಡೆಯ ಆಕಾಶದ ಬೆಳಕು ಸಾಕು, ಇಲ್ಲವೇ ಮೇಜಿನ ದೀಪ. ಕನ್ನಡಿಗೆ ಎರಡು ಮುಖ: ಸ್ಟೇಜಿನ ಕೆಳಗೆ ಕಂಡೆನ್ಸರ್ ಮಸೂರ ಇಲ್ಲದಿದ್ದರೆ ಒಳಬಾಗಿದ ಮುಖ, ಇದ್ದರೆ ಚಪ್ಪಟೆ ಮುಖ. ಇದೆಲ್ಲ ಡಬ್ಬದಲ್ಲಿದ್ದ ಚೀಟಿಯಲ್ಲಿ ಅಚ್ಚಾಗಿತ್ತು. ಆ ಚೀಟಿಯನ್ನು ಓದಿದ್ದು ಮನೆಯಲ್ಲಿ ಒಬ್ಬಳೇ, ಮೊಮ್ಮಗಳು. "ತಾತ, ಬಿಸಿಲಿಗೆ ಇಡಬಾರದಂತೆ" ಎಂದಳು. ಬ್ಯಾಂಕಿನಲ್ಲಿ ಆಡಿಟರ್ ಮಾತು ಕೇಳಿದ ಅಭ್ಯಾಸವಿತ್ತು. ತಾತ ಗೊಣಗುತ್ತ ಮೇಜನ್ನು ಉತ್ತರದ ಕಿಟಕಿಗೆ ಎಳೆದರು.

ನೋಡುವ ಮೊದಲ ವಸ್ತುವಾಗಿ ತಮ್ಮದೇ ಒಂದು ಬಿಳಿಗೂದಲನ್ನು ತ್ಯಾಗ ಮಾಡಿದರು. ನೇರ 675ಕ್ಕೆ ಹಾಕಿದರು. ಏನೂ ಕಾಣಲಿಲ್ಲ. ಕಾಣುವುದೂ ಇಲ್ಲ. 100 ಪಟ್ಟಿನಲ್ಲಿ ಕಣ್ಣಿಗೆ ಬೀಳುವ ಜಾಗದ ಅಗಲ ಎರಡು ಮಿಲಿಮೀಟರಿನ ಆಸುಪಾಸು. 45ರ ಆಬ್ಜೆಕ್ಟಿವಿಗೆ ಅದು ಅರ್ಧ ಮಿಲಿಮೀಟರಿಗೂ ಕಡಿಮೆ, ಬೆಳಕೂ ಮಂಕು. ಸ್ಲೈಡಿನ ಗಾಜು 75 ಮಿಲಿಮೀಟರು ಉದ್ದ, 25 ಅಗಲ. ಅಷ್ಟು ದೊಡ್ಡ ಬಯಲಿನಲ್ಲಿ ಅರ್ಧ ಮಿಲಿಮೀಟರಿನ ಕಿಂಡಿಯಿಂದ ಒಂದು ಕೂದಲನ್ನು ಹುಡುಕುವುದೆಂದರೆ ಅದು ಸಂಶೋಧನೆಯಲ್ಲ, ಅದೃಷ್ಟ. ಅದಕ್ಕೇ ಬಲ್ಲವರು ಎಲ್ಲಕ್ಕಿಂತ ಚಿಕ್ಕ ಆಬ್ಜೆಕ್ಟಿವಿನಿಂದ ಶುರು ಮಾಡುತ್ತಾರೆ. ಮೇಲಾಗಿ, ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಹೋಗುತ್ತದೆ. ತಾತ ಅರ್ಧ ಗಂಟೆ ಕೂದಲನ್ನು ಅಟ್ಟಿಸಿಕೊಂಡು ಹೋದರು, ಕೂದಲು ಸಿಗಲಿಲ್ಲ.

"ಇನ್ನೂ ಹತ್ತಿರ ಹೋಗಬೇಕು" ಎಂದು ದೊಡ್ಡ ತಿರುಪು ತಿರುಗಿಸಿದರು. ಐಪೀಸಿನಲ್ಲಿ ಕಣ್ಣಿಟ್ಟುಕೊಂಡೇ ತಿರುಗಿಸಿದರು. ಕಟ್ ಎಂದಿತು.

ಈ 'ಕಟ್' ಶಬ್ದ ಕೇಳದ ಹೊಸ ಮೈಕ್ರೋಸ್ಕೋಪು ಕಡಿಮೆ. ಸ್ಲೈಡಿನ ಮೇಲೆ ಮುಚ್ಚುವ ಕವರ್ ಸ್ಲಿಪ್ಪಿನ ಗಾಜು 0.17 ಮಿಲಿಮೀಟರಿನಷ್ಟು ತೆಳ್ಳಗಿರುತ್ತದೆ. ದೊಡ್ಡ ಆಬ್ಜೆಕ್ಟಿವಿಗೂ ಅದಕ್ಕೂ ನಡುವೆ ಇರುವ ತೆರಪು ಒಂದು ಮಿಲಿಮೀಟರಿಗಿಂತ ಕಡಿಮೆ. ಕ್ರಮ ಇರುವುದು ತಿರುವುಮುರುವು: ಪಕ್ಕದಿಂದ ಬಗ್ಗಿ ನೋಡುತ್ತ ಆಬ್ಜೆಕ್ಟಿವನ್ನು ಸ್ಲೈಡಿನ ಹತ್ತಿರಕ್ಕೆ ಇಳಿಸಬೇಕು, ಆಮೇಲೆ ಕಣ್ಣಿಟ್ಟು ನಿಧಾನವಾಗಿ ಮೇಲಕ್ಕೆ, ದೂರಕ್ಕೆ ತಿರುಗಿಸಬೇಕು. ದೊಡ್ಡ ಆಬ್ಜೆಕ್ಟಿವಿಗೆ ಬಂದ ಮೇಲೆ ಸಣ್ಣ ತಿರುಪು ಮಾತ್ರ. ಅಜ್ಜಿ ಮೊದಲು "ಯಾರೂ ಬರಿಗಾಲಲ್ಲಿ ಬರಬೇಡಿ" ಎಂದು ಕೂಗಿ, ಚೂರುಗಳನ್ನು ಒದ್ದೆ ಹತ್ತಿಯಿಂದ ಒತ್ತಿ ತೆಗೆದು, ಪೇಪರಿನಲ್ಲಿ ಸುತ್ತಿ ಬೇರೆಯಾಗಿಟ್ಟರು. ಇಷ್ಟು ಹೊತ್ತಿಗೆ ತಾತ ಮಸೂರವನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ಪಂಚೆ ಎಷ್ಟೇ ಮೆತ್ತಗಿದ್ದರೂ ಅದರಲ್ಲಿರುವ ಧೂಳಿನ ಕಣ ಮಸೂರವನ್ನು ಗೀರುತ್ತದೆ. ಲೆನ್ಸ್ ಒರೆಸುವ ಕಾಗದ ಡಬ್ಬದಲ್ಲೇ ಇತ್ತು, ಮೊಮ್ಮಗಳ ಚೀಟಿಯ ಜೊತೆಗೆ.

ನಂತರದ ವಾರ ಆವಿಷ್ಕಾರಗಳ ವಾರ. ಕಪ್ಪು ಅಂಚಿನ, ಗುಂಡಗಿನ, ಹೊಳೆಯುವ ಜೀವಿಯೊಂದು ನೀರಿನ ಹನಿಯಲ್ಲಿ ಪತ್ತೆಯಾಯಿತು: ಗಾಳಿಗುಳ್ಳೆ. ನೀಲಿ ಬಣ್ಣದ ಉದ್ದನೆಯ ಹುಳು: ಅಜ್ಜಿಯ ಸೀರೆಯ ನೂಲು. ಎಲ್ಲಕ್ಕಿಂತ ಕಾಡಿದ್ದು ಪಾರದರ್ಶಕವಾದ, ಮಣಿಮಣಿಯಾಗಿ ತೇಲುವ ಒಂದು ಸರ. ತಾತ ನೀರು ಬದಲಾಯಿಸಿದರು, ಹುಳು ಹೋಗಲಿಲ್ಲ. ಸ್ಲೈಡು ಬದಲಾಯಿಸಿದರು. ಬಾಟಲಿ ನೀರು ತಂದು ಹಾಕಿದರು. ಕೊನೆಗೆ ಸ್ಲೈಡನ್ನೇ ತೆಗೆದರು. ಹುಳು ಅಲ್ಲೇ ಈಜುತ್ತಿತ್ತು. ಅದು ಅವರ ಕಣ್ಣಿನೊಳಗಿನ ದ್ರವದಲ್ಲಿ ತೇಲುವ ಎಳೆಯ ನೆರಳು. ವಯಸ್ಸಾದವರ ಕಣ್ಣಲ್ಲಿ ಇದು ಸಾಮಾನ್ಯ. ವರ್ಧನೆ ಹೆಚ್ಚಿದಷ್ಟೂ ಐಪೀಸಿನಿಂದ ಬರುವ ಬೆಳಕಿನ ಕಡ್ಡಿ ತೆಳ್ಳಗಾಗುತ್ತದೆ, ಅಂಥ ಬೆಳಕಿನಲ್ಲಿ ಈ ನೆರಳುಗಳು ಎದ್ದು ಕಾಣುತ್ತವೆ. 675 ಪಟ್ಟು ತಾತನಿಗೆ ಮೊದಲು ತೋರಿಸಿದ ಜೀವಜಗತ್ತು ತಾತನೇ.

ಅಲ್ಲಿಂದ ರಕ್ತಕ್ಕೆ ಬಂದರು. ಶುಗರ್ ನೋಡಿಕೊಳ್ಳುವ ಯಂತ್ರದ ಸೂಜಿ ಮನೆಯಲ್ಲೇ ಇದೆಯಲ್ಲ! ಇದರಲ್ಲಿ ತಾತ ಅಚ್ಚುಕಟ್ಟು: ಹೊಸ ಸೂಜಿ, ತಮ್ಮದೇ ಬೆರಳು, ಸ್ಪಿರಿಟ್ಟಿನ ಹತ್ತಿ. ಮೊಮ್ಮಗಳ ಬೆರಳಿಗೂ ಕೈ ಚಾಚಿದಾಗ ಅಜ್ಜಿ ಅಡ್ಡ ಬಂದರು. "ಏನೂಂದ್ರೆ, ಅವಳ ರಕ್ತ ಹೀರೋಕೆ ಸೊಳ್ಳೆ ಇದಾವೆ, ನೀವು ಬೇಡ." ಇನ್ನೊಬ್ಬರ ರಕ್ತವನ್ನು ಮನೆಯ ಮೇಜಿಗೆ ತರದಿರುವುದು ಸೋಂಕಿನ ಲೆಕ್ಕದಲ್ಲೂ ಒಳ್ಳೆಯದೇ. ಒಂದು ಕೆಂಪು ರಕ್ತಕಣ ಏಳೆಂಟು ಮೈಕ್ರೋಮೀಟರು ಅಗಲ. ದಪ್ಪ ಹನಿಯಲ್ಲಿ ಬರೀ ಕೆಂಪು ಕೆಸರು. ತೆಳ್ಳಗೆ ಬಳಿದಾಗ ಸಾವಿರಾರು ಮಾಸಲು ಬಿಲ್ಲೆಗಳು ಕಂಡವು. ತಾತ ಅವುಗಳಲ್ಲಿ ಸಕ್ಕರೆ ಹುಡುಕಿದರು.

ಈ ಹೊತ್ತಿಗೆ ಅವರಿಗೊಬ್ಬ ಆರಾಧ್ಯದೈವ ಸಿಕ್ಕಿದ್ದ. ಹಾಲೆಂಡಿನ ಡೆಲ್ಫ್ಟ್ ಊರಿನ ಲ್ಯೂವೆನ್‌ಹುಕ್, 1632ರಲ್ಲಿ ಹುಟ್ಟಿದ ಬಟ್ಟೆ ವ್ಯಾಪಾರಿ, ಆಮೇಲೆ ಊರಾಡಳಿತದಲ್ಲಿ ಸಂಬಳದ ಕೆಲಸ. ಡಿಗ್ರಿ ಇಲ್ಲ, ಲ್ಯಾಟಿನ್ ಇಲ್ಲ. ಕೆರೆಯ ನೀರು, ಮೆಣಸು ನೆನೆಸಿದ ನೀರು, ತನ್ನ ಹಲ್ಲಿನ ಕೊಳೆ, ಎಲ್ಲ ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. 1683ರ ಪತ್ರದಲ್ಲಿ ಹಲ್ಲನ್ನೇ ಉಜ್ಜದ ಮುದುಕನೊಬ್ಬನ ಬಾಯಿಯ ಜೀವರಾಶಿಯ ವರ್ಣನೆಯಿದೆ. ತನ್ನ ಒಳ್ಳೆಯ ಮಸೂರಗಳನ್ನು ಮಾಡುವ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಈ ಕೊನೆಯ ಗುಣ ತಾತನಿಗೆ ವಿಶೇಷವಾಗಿ ಹಿಡಿಸಿತು. ಹಿಡಿಸದ ಸಂಗತಿಯೆಂದರೆ, ಉಳಿದುಬಂದಿರುವ ಅವನ ಮಸೂರಗಳಲ್ಲಿ ಅತ್ಯಂತ ಬಲವಾದದ್ದು ಸುಮಾರು 270 ಪಟ್ಟಿನದು. ಬ್ಯಾಕ್ಟೀರಿಯಾ ಕಂಡದ್ದು ಅಂಥ ಮಸೂರದಲ್ಲಿ. ನಮ್ಮ ಕಾಲದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿ 2014ರಲ್ಲಿ ಜಗತ್ತಿಗೆ ತೋರಿಸಿದ ಕಾಗದದ ಮೈಕ್ರೋಸ್ಕೋಪು ಫೋಲ್ಡ್‌ಸ್ಕೋಪ್ ಶಾಲೆಗಳಿಗೆ ಬರುವುದು 140 ಪಟ್ಟಿನಲ್ಲಿ. ಪಟ್ಟು ಎಷ್ಟೇ ಏರಿಸಿದರೂ ಬೆಳಕಿನ ಅಲೆಯೇ ಒಂದು ಮಿತಿ ಹಾಕುತ್ತದೆ, ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣವು ಎಂದು ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ತೋರಿಸಿದ್ದ. ಅದರಾಚೆ ಹಿಗ್ಗಿಸಿದರೆ ಮಸುಕೇ ದೊಡ್ಡದಾಗುತ್ತದೆ. ತಾತನ ಆಬ್ಜೆಕ್ಟಿವಿನ ಮಿತಿ ಇನ್ನೂ ಈಚೆಗೇ ಇದೆ. ಅದರ ಯೋಗ್ಯತೆ 650ರ ಹತ್ತಿರ ಮುಗಿಯುತ್ತದೆ, ಮೇಲಿನ 25 ಡಬ್ಬದ ಶೋಭೆಗೆ.

ಮೊಮ್ಮಗಳಿಗೆ ಅವಕಾಶ ಸಿಕ್ಕಿದ್ದು ತಾತ ಮದುವೆಯೊಂದಕ್ಕೆ ಹಾಸನಕ್ಕೆ ಹೋದ ಭಾನುವಾರ. ಈರುಳ್ಳಿಯ ಎರಡು ಪದರಗಳ ನಡುವಿನ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ, ನೀರಿನ ಹನಿಯ ಮೇಲೆ ಮಡಿಕೆಯಿಲ್ಲದೆ ಹಾಸಿದಳು. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿದ್ದರಿಂದ ಗುಳ್ಳೆ ಸೇರಲಿಲ್ಲ. ಅಮ್ಮ ಗಾಯಕ್ಕೆ ಹಚ್ಚುವ ಬೆಟಾಡಿನ್ನನ್ನು ನೀರಿನಲ್ಲಿ ತೆಳು ಮಾಡಿ ಒಂದು ಅಂಚಿಗೆ ಬಿಟ್ಟಳು. ಎದುರು ಅಂಚಿಗೆ ಟಿಶ್ಯೂ ಹಿಡಿದರೆ ಬಣ್ಣ ತಾನಾಗಿ ಒಳಗೆ ಹರಿಯಿತು. 10ರ ಆಬ್ಜೆಕ್ಟಿವ್. ಎರಡೂ ಕಣ್ಣು ತೆರೆದು ನೋಡಿದಳು, ಹಾಗೆ ನೋಡಿದರೆ ಕಣ್ಣು ದಣಿಯುವುದಿಲ್ಲ. ಉದ್ದುದ್ದ ಕೋಶಗಳ ಸಾಲು, ಪ್ರತಿಯೊಂದರಲ್ಲೂ ಒಂದು ಕಂದು ಚುಕ್ಕೆ. ಆಮೇಲೆ ದಾಸವಾಳದ ಪರಾಗ, ಮೈತುಂಬ ಮುಳ್ಳಿನ ಗುಂಡು. ಕಾಂಪೌಂಡಿನ ಹಾವಸೆಯನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿ ಮರುದಿನ ಹಿಂಡಿದರೆ ಎಂಟು ಕಾಲಿನ ನೀರುಕರಡಿಯೆಂಬ ಪುಟ್ಟ ಜೀವಿ ಸಿಕ್ಕರೂ ಸಿಕ್ಕೀತು ಎಂದು ಎಲ್ಲೋ ಓದಿ ಅದನ್ನೂ ನೆನೆಹಾಕಿದಳು. ಕೈ ತೊಳೆದುಕೊಂಡು ಊಟಕ್ಕೆ ಕೂತಳು.

ಹಾಸನದಿಂದ ಬಂದ ತಾತನ ಕಣ್ಣು ಸಂಪಿನ ಮೇಲೆ ಬಿತ್ತು. ಒಂದು ಹನಿ ನೀರು, ಒಂದು ಗಾಳಿಗುಳ್ಳೆ, ಐಪೀಸಿಗೆ ಹಿಡಿದ ಮೊಬೈಲು. ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಂತು, ಕೆಂಪು ವೃತ್ತ ಸಹಿತ: "ನಮ್ಮ ಸಂಪಿನಲ್ಲಿ ಕಂಡುಬಂದ ಅಪಾಯಕಾರಿ ಜೀವಿ. ಎಲ್ಲರೂ ಕಡ್ಡಾಯವಾಗಿ ನೋಡಿ." ಕುಡಿಯುವ ನೀರಿನ ತೀರ್ಪನ್ನು ಹೀಗೆ ಕೊಡಲಾಗದು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಎರಡು ಮೈಕ್ರೋಮೀಟರಿನ ಕಡ್ಡಿಗಳು, ಕಂಡರೂ ಸಾಧು ಯಾವುದು ಕೇಡಿ ಯಾವುದು ಎಂದು ಮುಖ ನೋಡಿ ಹೇಳಲಾಗುವುದಿಲ್ಲ, ಲ್ಯಾಬಿನಲ್ಲಿ ಬೆಳೆಸಿಯೇ ಪರೀಕ್ಷಿಸಬೇಕು. ಅಷ್ಟೆಲ್ಲ ಯಾರು ಕೇಳುತ್ತಾರೆ? ಎರಡನೇ ಮಹಡಿಯವರಿಗೆ ತಕ್ಷಣ ಹೊಟ್ಟೆನೋವು ನೆನಪಾಯಿತು. ತುರ್ತು ಸಭೆ ಸೇರಿತು, ವರ್ಷಗಳಿಂದ ಮುಂದೂಡಿದ್ದ ಸಂಪು ಸ್ವಚ್ಛತೆ ಆ ವಾರವೇ ನಡೆದು ಬಕೆಟ್‌ಗಟ್ಟಲೆ ಹೂಳು ಮೇಲೆ ಬಂತು. ಗಾಳಿಗುಳ್ಳೆಯೊಂದು ಇಷ್ಟು ಲೋಕೋಪಕಾರ ಮಾಡಿದ್ದು ವಿಜ್ಞಾನದ ಇತಿಹಾಸದಲ್ಲಿ ಅಪರೂಪವಿರಬೇಕು.

ಅಂದಿನಿಂದ ಮೈಕ್ರೋಸ್ಕೋಪಿಗೆ ಭದ್ರತೆ ಹೆಚ್ಚಿತು. ರಾತ್ರಿ ಬೀರುವಿನೊಳಗೆ, ಸೀರೆಗಳ ಪಕ್ಕ, ಬೀಗ ಹಾಕಿ. ಗಾಳಿಯಾಡದ ಕತ್ತಲೆ, ಮಳೆಗಾಲದ ತೇವ: ಮಸೂರದ ಮೇಲೆ ಬೂಷ್ಟು ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ, ಮಲೆನಾಡು ಕರಾವಳಿಯಲ್ಲಾದರೆ ಒಂದೇ ಮಳೆಗಾಲ ಸಾಕು. ಮೊಮ್ಮಗಳು ಶೂ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಹಾಕಿ ತಂದು ಒಳಗಿಟ್ಟಳು. ತಾತ ಅವನ್ನು ಇಲಿ ಪಾಷಾಣವೆಂದು ಭಾವಿಸಿ ಎಸೆದರು, ಅವಳು ಮತ್ತೆ ಇಟ್ಟಳು.

ಮೊನ್ನೆ ಮೂರನೇ ಮಹಡಿಯ ಸೆಕ್ರೆಟರಿಯವರು ತಮ್ಮ ಮೊಮ್ಮಗನಿಗೆಂದು ಹೊಸದೊಂದು ತರಿಸಿದ್ದಾರೆ. 2000 ಪಟ್ಟು, ಜೊತೆಗೆ ಕ್ಯಾಮೆರಾ. ಸುದ್ದಿ ಕೇಳಿದ ತಾತ ಕಾಫಿ ಲೋಟ ಕೆಳಗಿಟ್ಟು, "ಎರಡು ಸಾವಿರವಂತೆ! ಬೆಳಕಿಗೇ ಒಂದು ಮಿತಿ ಇದೆ, 1873ರಲ್ಲೇ ಹೇಳಿಬಿಟ್ಟಿದಾರೆ. ಬರೀ ಮಸುಕು ದೊಡ್ಡದು ಮಾಡ್ಕೊಂಡು ಏನು ಮಾಡ್ತಾರೆ?" ಎಂದು ಅಜ್ಜಿಗೆ ಪಾಠ ಹೇಳಿದರು. ಅರ್ಧ ಗಂಟೆಯ ನಂತರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲಿಫ್ಟಿನ ಹತ್ತಿರ ನಿಂತಿದ್ದರು. ಸೆಕ್ರೆಟರಿಯವರಿಗೆ ಅಡ್ಜಸ್ಟ್ ಮಾಡೋಕೆ ಬರುತ್ತೋ ಇಲ್ಲವೋ, ಪಾಪ.