ನಕಾಶೆರಾಯರ ರಾಜಧಾನಿ

ಹರಿಹರದಲ್ಲಿ ನನಗೊಂದು ಸೈಟಿದೆ. ಮೂವತ್ತು-ನಲವತ್ತು, ಪಶ್ಚಿಮಕ್ಕೆ ಬಾಗಿಲು, ಬೆನ್ನಿಗೆ ರಾಜಕಾಲುವೆ. ಹಕ್ಕುಪತ್ರವಿದೆ, ಅದರ ಮೇಲೆ ಮೊಹರಿದೆ. ಊರು ಮಾತ್ರ ಇಲ್ಲ. ಊರು ಇರುವುದು ಬೆಂಗಳೂರಿನಲ್ಲಿ, ನಮ್ಮ ಹಿಂದಿನ ಬೀದಿಯ ರಾಯರೊಬ್ಬರ ಊಟದ ಮೇಜಿನ ಮೇಲೆ. ಅವರ ಹೆಸರು ಬೇಡ, ನಕಾಶೆರಾಯರು ಎನ್ನೋಣ. ಬೀದಿಯವರೆಲ್ಲ ಹಾಗೇ ಅನ್ನುತ್ತಾರೆ, ಅವರ ಎದುರಿಗೊಂದು ಬಿಟ್ಟು.

ನಡೆದುಹೋದ ಚರಿತ್ರೆಯನ್ನು ಒಪ್ಪದ ಜನ ನಿಮಗೂ ಸಿಕ್ಕಿರುತ್ತಾರೆ. 1565ರ ತಾಳಿಕೋಟೆ ಯುದ್ಧವನ್ನು ಬೆಳಗಿನ ಕಾಫಿ ಆರುವುದರೊಳಗೆ ರಾಮರಾಯನಿಗೆ ಗೆಲ್ಲಿಸಿಕೊಡುವವರು, 1799ರ ಶ್ರೀರಂಗಪಟ್ಟಣದ ಕೋಟೆಗೆ ಇನ್ನೊಂದು ಸುತ್ತು ಗೋಡೆ ಕಟ್ಟಿ ಟಿಪ್ಪುವನ್ನು ಉಳಿಸುವವರು. ಇವರನ್ನು ಕಂಡರೆ ರಾಯರಿಗೆ ತಾತ್ಸಾರ. "ಯುದ್ಧ ಗೆಲ್ಲಿಸೋದು ಯಾವ ಮಹಾ ಕೆಲಸ ಸ್ವಾಮಿ? ಗೆದ್ದಮೇಲೆ ಚರಂಡಿ ಎತ್ತ ಹರಿಸ್ತೀರಿ, ಅದು ಹೇಳಿ" ಎನ್ನುತ್ತಾರೆ. ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಆಗಿ ಸೇರಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು ಅವರು. ಚರಂಡಿಯ ಇಳಿಜಾರು ತೋರಿಸದ ಯಾವ ಸಾಮ್ರಾಜ್ಯಕ್ಕೂ ಅವರ ಮನ್ನಣೆಯಿಲ್ಲ.

ರಾಯರ ಚರಿತ್ರೆ ನಮ್ಮ ಚರಿತ್ರೆಯಿಂದ ಕವಲೊಡೆಯುವುದು 1956ರಲ್ಲಿ. ಮುಂಬಯಿ, ಹೈದರಾಬಾದು, ಮದರಾಸಿನ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಡನೆ ಕೂಡಿಕೊಂಡಾಗ ರಾಜಧಾನಿ ನಾಡಿನ ನಡುವೆ, ದಾವಣಗೆರೆಯ ಸುತ್ತ ಇರಲಿ ಎಂಬ ಮಾತಿತ್ತಲ್ಲ, ರಾಯರು ಆ ಮಾತನ್ನು ಬಿಡದೆ ಹಿಡಿದಿದ್ದಾರೆ. 1951ರಲ್ಲಿ ಶಂಕುಸ್ಥಾಪನೆಯಾದ ವಿಧಾನಸೌಧ ಏಕೀಕರಣದ ವರ್ಷಕ್ಕೆ ಸರಿಯಾಗಿ ಮುಗಿದು ನಿಂತದ್ದೇ ಎಡವಟ್ಟಾಯಿತು ಎಂದು ಅವರ ವಾದ. ಕೆಂಗಲ್ ಹನುಮಂತಯ್ಯನವರ ಮೇಲೆ ಅವರಿಗೆ ಭಕ್ತಿಯೂ ಉಂಟು, ಮುನಿಸೂ ಉಂಟು. "ಅಷ್ಟು ಚೆನ್ನಾಗಿ ಕಟ್ಟಬಾರದಿತ್ತು. ಅಂಥ ಕಲ್ಲು ಬಿಟ್ಟು ಯಾರು ಏಳ್ತಾರೆ?" ರಾಯರ ಕರ್ನಾಟಕದಲ್ಲಿ ವಿಧಾನಸೌಧ ಒಂದು ಮಹಿಳಾ ಕಾಲೇಜು.

ದಾವಣಗೆರೆಯಿಂದ ಕೊಂಚ ಮುಂದೆ ಸರಿದು ಹರಿಹರಕ್ಕೆ ಬಂದದ್ದಕ್ಕೆ ಕಾರಣವಿದೆ. ಆಗ ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡದ ರಾಣೆಬೆನ್ನೂರು ತಾಲ್ಲೂಕು ಮುಂಬಯಿಗೆ ಸೇರಿದ್ದು. ರಾಯರು ವಿಧಾನಸಭೆಯನ್ನು ಸೇತುವೆಯ ಮೇಲೇ ಕಟ್ಟಿಬಿಟ್ಟರು. ಸಭಾಧ್ಯಕ್ಷರ ಪೀಠ ಹೊಳೆಯ ನಟ್ಟನಡುವೆ, ಯಾವ ಕಡೆಯವರೂ ದೂರುವಂತಿಲ್ಲ. ಅರ್ಧ ಹರಿ ಅರ್ಧ ಹರ ಒಂದೇ ವಿಗ್ರಹದಲ್ಲಿ ನಿಂತ ಹರಿಹರೇಶ್ವರನ ಗುಡಿ ಪಕ್ಕದಲ್ಲೇ ಇದೆ. ರಾಜಿ ಮಾತುಕತೆಗೆ ಇದಕ್ಕಿಂತ ಹಳೆಯ ಕಡತ ಬೇಕೆ ಎನ್ನುತ್ತಾರೆ. ಮೊದಲ ನಕ್ಷೆಯಲ್ಲಿ ಊರು ಗಂಡಭೇರುಂಡದ ಆಕಾರದಲ್ಲಿತ್ತು, ದಡಕ್ಕೊಂದು ತಲೆ. ಮೈಸೂರರಸರ ಲಾಂಛನವನ್ನು ಧಾರವಾಡದವರು ಸಹಿಸಿಯಾರೆ ಎಂಬ ಅನುಮಾನ ಬಂದು ಹಕ್ಕಿಯನ್ನು ಕೈಬಿಟ್ಟರು. ಊರಿಗಿನ್ನೂ ಹೆಸರಿಲ್ಲ. ರಾಜ್ಯಕ್ಕೇ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ರಾಜಧಾನಿಗೆ ಏನವಸರ?

ವಾಸ್ತುಶಿಲ್ಪಿ ಯಾರು ಎಂಬಲ್ಲಿ ಮಾತ್ರ ರಾಯರು ನಿಜಕ್ಕೂ ಕೈಕೈ ಹಿಸುಕಿಕೊಳ್ಳುತ್ತಾರೆ. ಹಿಟ್ಲರನ ಜರ್ಮನಿ ತೊರೆದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು ಅವರ ಕೈಯವು. ಕೊನೆಗೆ ಅವರು ನಕ್ಷೆ ಬರೆದ ರಾಜಧಾನಿ ಯಾವುದು? ಒಡಿಶಾದ ಭುವನೇಶ್ವರ, 1948ರಲ್ಲಿ. "ನಮ್ಮ ಉಪ್ಪು ತಿಂದ ಮನುಷ್ಯ ಸ್ವಾಮಿ!" ಎನ್ನುವಾಗ ರಾಯರ ದನಿ ನಡುಗುತ್ತದೆ. 1951ರಲ್ಲಿ ಆತ ಲಂಡನ್ನಿಗೆ ಹೊರಟುಹೋದ. ರಾಯರ ಚರಿತ್ರೆಯಲ್ಲಿ, ಕವಲೊಡೆಯುವ ಮೊದಲೇ, ಅವನ ಹಡಗು ತಪ್ಪಿಹೋಗುತ್ತದೆ.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಇಂಥವರಿಗೆ ಕೇಳುವ ಕಿವಿ ಬೇಕು, ಬರೆಯಲು ಸಮತಟ್ಟಾದ ಜಾಗ ಬೇಕು. ಒಂದು ಮದುವೆಯಲ್ಲಿ ಅವರ ಪಕ್ಕದ ಎಲೆ ನನ್ನದಾಯಿತು. ಹೊಸದೆಹಲಿ ಕಟ್ಟುವಾಗ ವಾಸ್ತುಶಿಲ್ಪಿಗಳಾದ ಲಟ್ಯೆನ್ಸ್‌ಗೂ ಬೇಕರ್‌ಗೂ ಬಿದ್ದ ಜಗಳವನ್ನು ವಿವರಿಸಬೇಕೆಂದು ನನ್ನ ಅನ್ನವನ್ನು ರೈಸಿನಾ ಗುಡ್ಡವಾಗಿ ಒಟ್ಟಿದರು. ಎರಡು ಹೀರೇಕಾಯಿ ಬಜ್ಜಿ ಬೇಕರನ ಸೆಕ್ರೆಟೇರಿಯಟ್ಟುಗಳಾದವು. ಹಿಂದೆ ಲಟ್ಯೆನ್ಸನ ವೈಸ್‌ರಾಯ್ ಭವನಕ್ಕೆ ಗುಮ್ಮಟ ಬೇಕು; ನನ್ನ ಲಾಡು ಸ್ವಾಧೀನವಾಯಿತು. "ನೋಡಿ, ಮೆರವಣಿಗೆ ದಾರಿಯಲ್ಲಿ ಹತ್ತಿಕೊಂಡು ಬನ್ನಿ, ಗುಮ್ಮಟ ಮುಳುಗುತ್ತೆ. ಇಳಿಜಾರಿಗೆ ಸಹಿ ಹಾಕಿದಮೇಲೆ ಲಟ್ಯೆನ್ಸನಿಗೆ ಹೊಳೀತು. ವರ್ಷಗಟ್ಟಲೆ ಹೊಡೆದಾಡಿದ. ಗೆಲ್ಲಲಿಲ್ಲ." ಬಗ್ಗಿ ಎಲೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ನಿಜವೇ, ಲಾಡು ಕಾಣಲಿಲ್ಲ. ಎದ್ದು ನೋಡುವಷ್ಟರಲ್ಲಿ ಇತಿಹಾಸದ ಸಾಕ್ಷ್ಯವನ್ನು ರಾಯರು ತಿಂದಿದ್ದರು. ಬಡಿಸುವವನು ಮತ್ತೆ ಲಾಡು ತರಲಿಲ್ಲ.

ಇನ್ನು ಸೈಟಿನ ವಿಷಯ. ನಿಜವಾದ ಬೆಂಗಳೂರಿನಲ್ಲಿ ಅರ್ಜಿ ಹಾಕಿ ಹಾಕಿ ಸೈಟು ದಕ್ಕದ ನನಗೆ ರಾಯರು ತಮ್ಮ ರಾಜಧಾನಿಯಲ್ಲಿ ಒಂದು ಕೊಡುತ್ತೇನೆಂದಾಗ ನಗು ಬಂತು. ಮನೆಗೆ ಬಂದಮೇಲೆ ಆಸೆಯಾಯಿತು. ರಾಜಕಾಲುವೆಯ ಪಕ್ಕ ಎಂದು ತಿಳಿದಮೇಲೆ ಸಿಟ್ಟೇ ಬಂತು. ಮಾರನೆಯ ದಿನ ಬೆಣ್ಣೆದೋಸೆ ಕಟ್ಟಿಸಿಕೊಂಡು ಹೋಗಿ, ಆಚೆಯ ಉದ್ಯಾನದಲ್ಲಿ ಒಂದು ಮೂಲೆ ಡಿನೋಟಿಫೈ ಮಾಡಿ ನನಗೆ ಬಿಟ್ಟುಕೊಡಬಾರದೇ ಎಂದೆ. ಇಲ್ಲದ ಊರಿನ ಇಲ್ಲದ ಉದ್ಯಾನಕ್ಕಾಗಿ ಲಂಚ ಕೊಡಲು ಹೊರಟವನು ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ರಾಯರು ದೋಸೆ ತಿಂದರು. ಕೈ ತೊಳೆದುಕೊಂಡು ಬಂದು ಹೇಳಿದರು: "ಅಸಲಿಗೆ ನಿಮ್ಮ ಅರ್ಜಿಯೇ ಊರ್ಜಿತ ಅಲ್ಲ. ನನ್ನ ಲೆಕ್ಕದಲ್ಲಿ ನೀವು ಹುಟ್ಟೇ ಇಲ್ಲ."

ಅವರ ತರ್ಕ ಚೊಕ್ಕವಾಗಿತ್ತು. ನಮ್ಮಪ್ಪ ಧಾರವಾಡದಲ್ಲಿ ಮುಂಬಯಿ ಸರ್ಕಾರದ ಗುಮಾಸ್ತರು. ಏಕೀಕರಣವಾದಾಗ ಬೆಂಗಳೂರಿಗೆ ವರ್ಗವಾಗಿ ಬಂದು, ಬಸವನಗುಡಿಯ ಹುಡುಗಿಯನ್ನು ಮದುವೆಯಾದರು. ರಾಜಧಾನಿ ಹರಿಹರವಾದರೆ ಅಪ್ಪ ಬೆಂಗಳೂರು ನೋಡುವ ಪ್ರಮೇಯವೇ ಇಲ್ಲ. ಅಮ್ಮ ಬಸವನಗುಡಿಯಲ್ಲಿ ಇನ್ಯಾರನ್ನೋ ಮದುವೆಯಾಗಿ ಸುಖವಾಗಿದ್ದಾರೆ. ನಾನು ಖಾಲಿ ಟಿಫನ್ ಕ್ಯಾರಿಯರ್ ಹಿಡಿದು ಮನೆಗೆ ಬಂದೆ. ಇಲ್ಲದ ಸೈಟು ಹೋದದ್ದಕ್ಕಿಂತ, ಅಮ್ಮನ ಆ ಸುಖಸಂಸಾರ ಹೆಚ್ಚು ಚುಚ್ಚುತ್ತಿತ್ತು.

ಆಮೇಲೆ ಬಹಳ ದಿನ ಅವರ ಮನೆ ಕಡೆ ಹೋಗಲಿಲ್ಲ. ಒಂದು ಸಂಜೆ ಅವರೇ ಟ್ರೇಸಿಂಗ್ ಪೇಪರಿನ ಸುರುಳಿ ಕಂಕುಳಲ್ಲಿಟ್ಟುಕೊಂಡು ಬಂದರು. ಹರಡಿದರು. ದಕ್ಷಿಣ ದಡದಲ್ಲಿ ಹೊಸದೊಂದು ಜನರಲ್ ಪೋಸ್ಟ್ ಆಫೀಸು, ಹಿಂದೆ ಸಾಲು ಕ್ವಾರ್ಟರ್ಸು. ಅಲ್ಲಿಂದ ಖಾನಾವಳಿಯೊಂದರ ಮುಂದೆ ಹಾದು ಹೋಗುವ ಕೆಂಪು ಚುಕ್ಕಿಗೆರೆ.

"ಇದೇನು, ನೀರಿನ ಪೈಪೇ?" ಎಂದೆ.

"ನಿಮ್ಮ ತಾಯಿಯವರು ಸಂಗೀತ ಪಾಠಕ್ಕೆ ಹೋಗೋ ದಾರಿ."

ಅಂಚೆ ಇಲಾಖೆಯಲ್ಲಿದ್ದ ಅಮ್ಮನ ಕಡೆಯ ತಾತನಿಗೆ ಬಡ್ತಿ ಕೊಟ್ಟು, ಸಂಸಾರ ಸಮೇತ ಹರಿಹರಕ್ಕೆ ವರ್ಗ ಮಾಡಿದ್ದರು. ಅಪ್ಪ ಊಟ ಮಾಡುವ ಖಾನಾವಳಿಗೆ ಬೀದಿಯ ಕಡೆ ಕಿಟಕಿ ಇಟ್ಟಿದ್ದರು. ದಾರಿಯುದ್ದಕ್ಕೂ ಹೊಂಗೆಮರ ಹಾಕಿದ್ದರು, ಬಿಸಿಲಿಗೆ ಅಮ್ಮ ಆಚೆ ಬೀದಿ ಹಿಡಿಯಬಾರದೆಂದು. ನನ್ನ ಅರ್ಜಿ ಊರ್ಜಿತವಾಗಲಿ ಎಂದು ಇಡೀ ಬಡಾವಣೆಯನ್ನು ತಿದ್ದಿದ ಮನುಷ್ಯನಿಗೆ ಏನು ಹೇಳುವುದು? ಕಾಫಿ ಕುಡೀತೀರಾ ಎಂದೆ. ಸೈಟು ಮಾತ್ರ ರಾಜಕಾಲುವೆಯ ಪಕ್ಕದ್ದೇ.

ಅವರ ಮನೆಯಾಕೆಗೆ ಈ ರಾಜಧಾನಿ ಕಂಡರಾಗದು. "ಮೊದಲು ಈ ಮನೆ ಸಂಪಿನ ಮುಚ್ಚಳ ಸರಿಮಾಡಿಸಲಿ, ಆಮೇಲೆ ಸೇತುವೆ ಕಟ್ಟಲಿ" ಎಂದು ಚಕ್ಕುಲಿ ಕೊಡುತ್ತಾ ಹೇಳುತ್ತಾರೆ. ಆದರೆ ಉದ್ಯಾನವನ್ನು ರಾಯರು ಏಕೆ ಅಷ್ಟು ಕಾಯುತ್ತಾರೆಂದು ಹೇಳಿದ್ದೂ ಅವರೇ. ನೌಕರಿಯುದ್ದಕ್ಕೂ ಲೇಔಟುಗಳಲ್ಲಿ ಪಾರ್ಕಿಗೆ ಹಸಿರು ತುಂಬುವುದು ರಾಯರ ಪಾಲಿನ ಕೆಲಸ. ಆಮೇಲೆ ಬಂದ ತಿದ್ದುಪಡಿ ನಕ್ಷೆಗಳಲ್ಲಿ ಅದೇ ಹಸಿರನ್ನು ಕೆರೆದು ಸೈಟಿನ ಗೆರೆ ಎಳೆಯುವುದೂ ಅವರದೇ. ಬ್ಲೇಡು ಹಿಡಿದು ಟ್ರೇಸಿಂಗ್ ಬಟ್ಟೆ ಹರಿಯದ ಹಾಗೆ ಕೆರೆಯುವುದರಲ್ಲಿ ಕಚೇರಿಯಲ್ಲೇ ಅವರ ಕೈ ಎತ್ತಿದ ಕೈಯಂತೆ. ಈಗಲೂ ನಮ್ಮ ಬಡಾವಣೆಯ ಮದುವೆ ಛತ್ರವೊಂದರ ಮುಂದೆ ಹೋಗುವಾಗ ರಾಯರು ಆ ಬದಿ ಬಿಟ್ಟು ಈ ಬದಿಗೆ ದಾಟುತ್ತಾರೆ. ಅಲ್ಲಿ ವಾಹನ ಹೆಚ್ಚು, ಅದಕ್ಕೇ ಎಂದುಕೊಂಡಿದ್ದೆ.

ಮೊನ್ನೆ ನನ್ನ ಹೆಂಡತಿ ಹಪ್ಪಳ ಕೊಡಲು ಹೋದವಳು ಮೇಜಿನ ಮುಂದೆ ನಿಂತಳಂತೆ. ಅವಳಿಗೆ ಚರಿತ್ರೆಯ ಗೋಜಿಲ್ಲ. "ರಾಯರ, ವಿಧಾನಸಭಾ ಹೊಳೀ ಮ್ಯಾಲ ಕಟ್ಟೀರಿ, ಛಲೋ ಆತು. ಅದರ ಪಾಯಖಾನಿ ನೀರು ಎಲ್ಲಿಗೆ ಹೊಂಟೈತಿ? ಕೆಳಗ ಹೊಸಪೇಟಿ ಮಂದಿ ಅದನ್ನ ಕುಡೀಬೇಕೇನ್ರಿ?"

ಚರಂಡಿಯ ಇಳಿಜಾರು ತೋರಿಸದವರನ್ನು ಒಪ್ಪದ ರಾಯರು ಆ ರಾತ್ರಿ ಊಟ ಮಾಡಲಿಲ್ಲವೆಂದು ಅವರ ಮನೆಯಿಂದ ವರದಿ ಬಂತು. ಬೆಳಗ್ಗೆ ನನ್ನವಳಿಗೆ ಕರೆ ಬಂತು, ನನಗಲ್ಲ. ಇಬ್ಬರೂ ಸ್ಕೇಲು ಹಿಡಿದು ಕೂತರು. ಹಿಟ್ಟಿನ ಗಿರಣಿಯೇ ಇಲ್ಲದ ರಾಜಧಾನಿಗೆ ಎರಡು ಗಿರಣಿ ಬಂದವು. ಸಂತೆಗೆ ನೆರಳು ಬಂತು. ವಿಧಾನಸಭೆ ಸೇತುವೆಯಿಂದ ಇಳಿಯಬೇಕೆಂಬುದಕ್ಕೂ ಒಮ್ಮತವಾಯಿತು. ಯಾವ ದಡಕ್ಕೆ ಎಂಬಲ್ಲಿ ಮಾತು ಕಟ್ಟಿದೆ. ರಾಯರು ಮೈಸೂರಿನವರು. ನನ್ನ ಹೆಂಡತಿಯ ತವರು ರಾಣೆಬೆನ್ನೂರು.