‘ನಿಖಿಲ್ ಎಲ್ಲಿದ್ದೀಯಪ್ಪಾ’: ಒಂದು ವ್ಯಾಕರಣ ವಿಚಾರ

ಇಷ್ಟು ಪುಟ್ಟದಾಗಿದ್ದೂ ಇಷ್ಟು ಜನರ ನಾಲಗೆಯ ಮೇಲೆ ಕುಳಿತ ವಾಕ್ಯ ಹೊಸಗನ್ನಡದಲ್ಲಿ ಅಪರೂಪ. ವಿದ್ವತ್ ಲೋಕ ಇದನ್ನು ಉಪೇಕ್ಷಿಸಿರುವುದು ಖೇದಕರ. ಆ ಕೊರತೆಯನ್ನು ತುಂಬುವ ಭಾರ ಯಾರೂ ಹೊರಿಸದೆಯೇ ನನ್ನ ಮೇಲೆ ಬಿದ್ದಿದೆ.

ಮೊದಲು ಕರ್ತೃ ಮತ್ತು ಕಾಲ. ಕರ್ತೃ ಎಚ್.ಡಿ. ಕುಮಾರಸ್ವಾಮಿ ಎಂಬುದು ನಿರ್ವಿವಾದ. ಮಗ ನಿಖಿಲ್ ಅವರ ಮೊದಲ ಚಿತ್ರ ‘ಜಾಗ್ವಾರ್’ (2016) ಸಮಾರಂಭದಲ್ಲಿ ಅಪ್ಪ ವೇದಿಕೆಯಿಂದ ಕೂಗಿದರು. ಜನರ ಮಧ್ಯೆ ಇದ್ದೇನೆಂದು ಮಗ ಓಗೊಟ್ಟರು. ಮುಂದೆ ಈ ಕೃತಿ ಅಜ್ಞಾತವಾಸದಲ್ಲಿದ್ದು, 2019ರ ಮಂಡ್ಯ ಲೋಕಸಭಾ ಚುನಾವಣೆಯ ಹೊತ್ತಿಗೆ ಮೊಬೈಲುಗಳಲ್ಲಿ ಉತ್ಖನನವಾಯಿತು. ‘ಎಲ್ಲಿದೀಯಪ್ಪಾ’, ‘ಎಲ್ಲಿದ್ಯಪ್ಪಾ’ ಎಂಬ ಪಾಠಾಂತರಗಳಿವೆ. ಕೊನೆಯ ದೀರ್ಘವನ್ನು ಎಲ್ಲ ಪ್ರತಿಗಳೂ ಎಳೆದೆಳೆದು ಒಪ್ಪಿಕೊಂಡಿವೆ.

‘ಅಪ್ಪಾ’ ಎಂಬ ಸಂಬೋಧನೆಯಲ್ಲಿ ತೊಡಕಿದೆ. ಹಳೇ ಮೈಸೂರಿನಲ್ಲಿ ಮಗನನ್ನು ಅಪ್ಪಾ ಎನ್ನುವುದು ವಾತ್ಸಲ್ಯ. ಆದರೆ ತಾತ ದೇವೇಗೌಡರು ಪ್ರಧಾನಿ, ತಂದೆ ಎರಡು ಬಾರಿ ಮುಖ್ಯಮಂತ್ರಿ, ತಾಯಿ ಶಾಸಕಿ, ದೊಡ್ಡಪ್ಪ ಸಚಿವರಾಗಿದ್ದ ಹರದನಹಳ್ಳಿಯ ಮನೆತನದಲ್ಲಿ ‘ಅಪ್ಪ’ ಎಂಬುದು ಪ್ರತ್ಯಯವಲ್ಲ, ಪ್ರಕೃತಿ. ಟಿಕೆಟ್ಟು ಮುಂತಾದವು ಅದಕ್ಕೆ ಹತ್ತುವ ಪ್ರತ್ಯಯಗಳು.

ಇನ್ನು ಸಂಧಿ. ಎಲ್ಲಿ + ಇದ್ದೀಯ + ಅಪ್ಪಾ: ಒಂದೇ ಮಾತಿನಲ್ಲಿ ಎರಡು ಲೋಪ. ಸ್ವರಕ್ಕೆ ಸ್ವರ ಎದುರಾದಾಗ, ಅರ್ಥ ಕೆಡದಿದ್ದರೆ, ಪೂರ್ವಸ್ವರ ಜಾಗ ಬಿಟ್ಟುಕೊಡಬೇಕು. ಈ ಸೂತ್ರಕ್ಕೆ ದೇವೇಗೌಡರ ಮನೆಯಲ್ಲಿ ಸಿಗುವಷ್ಟು ಉದಾಹರಣೆ ಕೇಶಿರಾಜನಿಗೂ ಸಿಕ್ಕಿರಲಿಕ್ಕಿಲ್ಲ. 2019ರಲ್ಲಿ ಹಾಸನವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟು ತುಮಕೂರಿಗೆ ಹೋದ ಪೂರ್ವಸ್ವರ 13,339 ಮತಗಳಿಂದ ಲೋಪವಾಯಿತು. (ಆ ಪರಸ್ವರದ ಮುಂದಿನ ಕಥೆ ವ್ಯಾಕರಣದ ವ್ಯಾಪ್ತಿಗೆ ಬರುವುದಿಲ್ಲ, ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ.) 2023ರಲ್ಲಿ ತಾಯಿ ಅನಿತಾ ರಾಮನಗರವನ್ನು ನಿಖಿಲ್‌ಗೆ ಬಿಟ್ಟುಕೊಟ್ಟರು. 1994ರಲ್ಲಿ ತಾತ ಗೆದ್ದು ಮುಖ್ಯಮಂತ್ರಿಯಾದ, ಬಳಿಕ ತಂದೆ, ತಾಯಿ ಗೆದ್ದ, ಪಹಣಿಯಲ್ಲಿ ಹೆಸರೊಂದು ಬರೆದಿಲ್ಲವೆನ್ನುವಂಥ ಕ್ಷೇತ್ರ. ಅಲ್ಲಿ ಪೂರ್ವಸ್ವರದ ಜೊತೆಗೆ ಪರಸ್ವರವೂ ಲೋಪವಾಯಿತು, 10,715 ಮತಗಳಿಂದ. ‘ಅರ್ಥ ಕೆಡದಿದ್ದರೆ’ ಎಂಬ ಷರತ್ತನ್ನು ಯಾರೋ ಓದಿರಲಿಲ್ಲ.

2019ರಲ್ಲಿ ನಿಖಿಲ್ ನಿಂತ ಮಂಡ್ಯದಲ್ಲಿ ಕಂಡದ್ದು ದ್ವಿರುಕ್ತಿ. ಎದುರಾಳಿ ಸುಮಲತಾ ಅಲ್ಲದೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಇದನ್ನು ಚತುರುಕ್ತಿ ಎನ್ನಬಹುದೇನೋ. ಮತದಾರರು ಮಾತ್ರ ಸರಿಯಾದ ಸುಮಲತಾ ಅವರನ್ನು ಗುರುತಿಸಿ, ಅಪ್ಪ ಮುಖ್ಯಮಂತ್ರಿಯಾಗಿದ್ದಾಗಲೇ ಮಗನನ್ನು 1,25,876 ಮತಗಳಿಂದ ಸೋಲಿಸಿದರು. ಅದೇ ವರ್ಷ ತೆರೆಕಂಡ ‘ಕುರುಕ್ಷೇತ್ರ’ದಲ್ಲಿ ನಿಖಿಲ್ ಅವರ ಪಾತ್ರ ಅಭಿಮನ್ಯು. ಇಷ್ಟು ಸುಲಭದ ಉಪಮೆಯನ್ನು ಬಳಸಲು ವಿದ್ವಾಂಸನಿಗೆ ನಾಚಿಕೆ, ಆದ್ದರಿಂದ ಬಳಸುವುದಿಲ್ಲ.

ಆಗಮಸಂಧಿಯ ಕ್ಷೇತ್ರ ಚನ್ನಪಟ್ಟಣ. 2024ರಲ್ಲಿ ಅಪ್ಪ ಮಂಡ್ಯದಿಂದ ಸಂಸತ್ತಿಗೆ ಹೋದರು, ಖಾಲಿಯಾದ ಜಾಗಕ್ಕೆ ಮಗ ಬಂದರು. ಎರಡು ಸ್ವರಗಳ ನಡುವೆ ಯಕಾರ ನುಸುಳುವುದು ನಿಯಮ. ಉಪಚುನಾವಣೆಗೆ ಕೆಲವೇ ವಾರ ಮುಂಚೆ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹಾರಿದ ಯೋಗೇಶ್ವರ್ ನುಸುಳಿ 25,413 ಮತಗಳಿಂದ ಗೆದ್ದರು. ಇದಕ್ಕಿಂತ ಶುದ್ಧವಾದ ಯಕಾರಾಗಮವನ್ನು ನಾನು ಕಂಡಿಲ್ಲ.

ಆದೇಶಸಂಧಿ ದೇವೇಗೌಡರ ಪದ್ಮನಾಭನಗರದ ಮನೆಯಲ್ಲಿ ಆಗುತ್ತದೆ. ಕಕಾರಕ್ಕೆ ಗಕಾರ, ಪಕಾರಕ್ಕೆ ಬಕಾರ ಶಾಸ್ತ್ರಸಮ್ಮತ. ಆದರೆ ಜೆಡಿಎಸ್ ಪಕ್ಕದಲ್ಲಿ 2019ರ ಕಕಾರವಿದ್ದ ಕಡೆ 2024ರಲ್ಲಿ ಬಕಾರ ಬಂದದ್ದು ಯಾವ ಸೂತ್ರದಿಂದಲೋ. ವೈಯಾಕರಣರು ಇಲ್ಲಿ ಮೌನಿಗಳು.

ಉಳಿದದ್ದು ‘ಎಲ್ಲಿ’. ಪ್ರಶ್ನೆ ಸಪ್ತಮಿಯಲ್ಲಿದ್ದರೆ ಉತ್ತರವೂ ಸಪ್ತಮಿಯಲ್ಲೇ ಇರಬೇಕು. ಮಂಡ್ಯ, ರಾಮನಗರ, ಚನ್ನಪಟ್ಟಣ: ಮೂರೂ ಕಡೆ ಮತ ಎಣಿಕೆಯಾದ ಸಂಜೆ ಚುನಾವಣಾಧಿಕಾರಿಗಳು ಅದೇ ವಿಭಕ್ತಿಯಲ್ಲಿ ಉತ್ತರ ಕೊಟ್ಟಿದ್ದಾರೆ. ಎರಡನೇ ಸ್ಥಾನದಲ್ಲಿ.