ಇಲ್ಲಿ ಕ್ಲಿಕ್ ಮಾಡಿ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ತಾಲೂಕಿನ ನೀರು ಕುಡಿದು ಈಗ ಕಿತ್ತೂರು ಸೀಮೆಯ ಒಂದು ಹೈಸ್ಕೂಲಿಗೆ ಬಂದು ಕೂತಿರುವ ಕನ್ನಡ ಮಾಸ್ತರ ನಾನು. ಎಲ್ಲ ಕಡೆಯೂ ಮಲಪ್ರಭೆಯದೇ ಸೀಮೆ. ಮೊಬೈಲ್ ರೇಂಜು ಮಾತ್ರ ಊರಿಂದೂರಿಗೆ ಬೇರೆ.

ಸವದತ್ತಿಯ ಹತ್ತಿರ ಇದ್ದಾಗ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆ ಬಂತೆಂದರೆ ನನ್ನ ಫೋನಿಗೆ ಅಮಾವಾಸ್ಯೆ. ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬಂದವರೆಲ್ಲ ಭಂಡಾರ ಹಚ್ಚಿಕೊಂಡು ಊರಿಗೆ ವಿಡಿಯೋ ಕಾಲ್ ಮಾಡುವವರೇ. ಮೂಲೆಯಲ್ಲಿ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿರುತ್ತಿದ್ದವು, ಒಂದು ಚಿತ್ರವೂ ತೆರೆಯುತ್ತಿರಲಿಲ್ಲ. ಆ ಹೊತ್ತಿಗೆ ಪಠ್ಯಪುಸ್ತಕದಲ್ಲಿ ದೀಕ್ಷಾ ಆ್ಯಪಿನ ಕ್ಯೂಆರ್ ಕೋಡುಗಳು ಬಂದಿದ್ದವು. ಒಬ್ಬ ಹುಡುಗ ಅದರ ಬಿಳಿ ಮನೆಗಳಿಗೆಲ್ಲ ಪೆನ್ನಿನಿಂದ ಬಣ್ಣ ತುಂಬಿದ್ದ. ಯಾಕಲೇ ಅಂದರೆ, ‘ಅರ್ಧಾ ಬಿಟ್ಟಿದ್ರು ಸರ, ನಾ ಪೂರಾ ಮಾಡೇನ್ರಿ’ ಅಂದ.

2020ರಲ್ಲಿ ಶಾಲೆಗೆ ಕೀಲಿ ಬಿದ್ದಾಗ ರಾಮದುರ್ಗದ ಕಡೆ ಇದ್ದೆ. ವಿದ್ಯಾಗಮ ಯೋಜನೆ ಬಂದು ಗುಡಿಯ ಕಟ್ಟೆಯ ಮೇಲೆ ಪಾಠ ಶುರುವಾಗುವ ಮೊದಲು ಎಲ್ಲವೂ ಮೊಬೈಲಿನಲ್ಲೇ. ಮನೆಗೊಂದೇ ಫೋನು, ಅದು ಅಪ್ಪನ ಕಿಸೆಯಲ್ಲಿ ಹೊಲಕ್ಕೆ ಹೋಗಿರುತ್ತಿತ್ತು. ಮುಂಜಾನೆ ಹತ್ತಕ್ಕೆ ಕೊಟ್ಟ ಮನೆಗೆಲಸ ರಾತ್ರಿ ಹತ್ತಕ್ಕೆ ಬರುತ್ತಿತ್ತು. ಒಮ್ಮೆ ಹಾಜರಿ ಕೂಗಿದರೆ ಅಜ್ಜಿಯ ದನಿ: ‘ಸರ, ಹುಡುಗ ಎಮ್ಮಿ ಮೈ ತೊಳ್ಯಾಕ ಹೋಗ್ಯಾನ್ರಿ. ನನಗ ಹೇಳ್ರಿ, ನಾ ಅವಂಗ ಹೇಳತೀನಿ.’ ಅವತ್ತು ಸಂಧಿಯ ಪಾಠ ಅಜ್ಜಿಗೆ ಮಾಡಿದೆ. ಲೋಪ, ಆಗಮ, ಆದೇಶ ಮೂರನ್ನೂ ಕೇಳಿ ‘ಆತ್ರಿ’ ಅಂದಳು. ನನ್ನ ಪಾಠವನ್ನು ಆಕಳಿಸದೆ ಕೇಳಿದ ಮೊದಲ ವಿದ್ಯಾರ್ಥಿ ಆಕೆಯೇ ಇರಬೇಕು.

ಆ ಹುರುಪಿನಲ್ಲೇ ಒಂದು ಬ್ಲಾಗ್ ತೆರೆದೆ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ನೋಟ್ಸನ್ನು ಯೂನಿಕೋಡಿಗೆ ಬದಲಿಸದೆ ಹಾಗೇ ಏರಿಸಿದೆ. ಹುಡುಗರ ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತು. ‘ಇದು ಯಾವ ಭಾಷಾಲೇ?’ ಎಂದು ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ‘ಹಳಗನ್ನಡ ಇರಬೇಕು, ಬಾಯಿಪಾಠ ಮಾಡು’ ಅಂದನಂತೆ.

ಕಿತ್ತೂರಿಗೆ ಬರುವಷ್ಟರಲ್ಲಿ ಯೂನಿಕೋಡು ಕಲಿತಿದ್ದೆ. ರಾಣಿ ಚೆನ್ನಮ್ಮನ ಮೇಲೆ ಒಂದು ಪ್ರಬಂಧ ಬರೆದು ಏರಿಸಿ, ಕೊನೆಗೆ ‘ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ’ ಎಂದು ನೀಲಿ ಅಕ್ಷರದಲ್ಲಿ ಹಾಕಿದೆ. ಪರೀಕ್ಷೆಯಲ್ಲಿ ಪ್ರಬಂಧ ಕೇಳಿದೆ. ಇಡೀ ತರಗತಿ ಅಚ್ಚುಕಟ್ಟಾಗಿ ಬರೆದಿತ್ತು, ಕೊನೆಯ ಸಾಲಿನವರೆಗೆ. ಒಬ್ಬಳಂತೂ ‘ಇಲ್ಲಿ ಕ್ಲಿಕ್ ಮಾಡಿ’ಯನ್ನು ನೀಲಿ ಪೆನ್ನಿನಲ್ಲಿ ಬರೆದು ಅಡಿಗೆರೆ ಎಳೆದಿದ್ದಳು. ಅರ್ಧ ಅಂಕ ಹೆಚ್ಚಿಗೆ ಕೊಟ್ಟೆ.

ನಗುತ್ತ ತಿದ್ದುತ್ತಿದ್ದವನು ಆಮೇಲೆ ನೋಡಿದೆ: ಎಲ್ಲರ ಉತ್ತರದಲ್ಲೂ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಕಿತ್ತೂರು ಯುದ್ಧ ನಡೆದದ್ದು 1842ರಲ್ಲಿ! ಫೋನು ತೆಗೆದರೆ, ನನ್ನ ಬೆರಳೇ ಅಂಕಿಗಳನ್ನು ಅದಲುಬದಲು ಮಾಡಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ನನ್ನ ಬ್ಲಾಗು ಆಕೆಯನ್ನು ಸಮಾಧಿಯಿಂದ ಎಬ್ಬಿಸಿ ಮತ್ತೆ ಕುದುರೆ ಹತ್ತಿಸಿತ್ತು.

ಮರುದಿನ ಪರೀಕ್ಷಿಸೋಣವೆಂದು ‘ಕಿತ್ತೂರು ಯುದ್ಧ ಯಾವಾಗ?’ ಎಂದೆ. ಮೂವತ್ತೆರಡು ಗಂಟಲು ಒಮ್ಮೆಗೇ ‘ಸಾವಿರದ ಎಂಟುನೂರಾ ನಲವತ್ತೆರಡು!’

ಸಾರಿನ ಬೋಗಾಣಿ ಹೊತ್ತು ಹೊರಟಿದ್ದ ಅಡುಗೆಯ ಅಕ್ಕ ಬಾಗಿಲಲ್ಲೇ ನಿಂತಳು. ‘ಏನ್ರಿ ಸರ, 2024ರಾಗ ಇನ್ನೂರು ವರ್ಷ ತುಂಬ್ತಂತ ಅಷ್ಟು ದೊಡ್ಡ ಉತ್ಸವ ಮಾಡಿದ್ರಲ್ರಿ? ನಿಮ್ಮ ಲೆಕ್ಕದಾಗ ಅದಕ್ಕ ಇನ್ನೂ ಹದಿನೆಂಟು ವರ್ಷ ಕಾಯಬೇಕಾಗಿತ್ತಲ್ರಿ!’

ನಾನು ಬೆವರುತ್ತ, ಈಗಲೇ ತಿದ್ದುತ್ತೇನೆ ಎಂದು ಫೋನು ಎತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

‘ಇಲ್ಲಿ ಬರೂದಿಲ್ರಿ ಸರ’ ಅಂದಳು ಅಕ್ಕ, ಬೋಗಾಣಿ ಸಾವರಿಸಿಕೊಳ್ಳುತ್ತ. ‘ಹುಣಸಿ ಗಿಡದ ಬುಡಕ್ಕ ಹೋಗ್ರಿ. ಸ್ವಲ್ಪ ಕೈ ಮ್ಯಾಲ ಮಾಡ್ರಿ.’